ಮಗುವಿಲ್ಲದೆ ತವರಿಗೆ ಬಂದ ತಂಗಿಗೆ ಬಾಣಂತನ ಮಾಡಬೇಕೇ?

ಪ್ರಶ್ನೆ: ಹಾಸನದ ಅಕ್ಕ

ಎಲ್ಲರಿಗೂ ನಮಸ್ಕಾರ. ಹನ್ನೊಂದು ದಿನಗಳ ಹಿಂದೆ, ಗರ್ಭದ 36ನೇ ವಾರದಲ್ಲಿ, ನನ್ನ ತಂಗಿಗೆ ಹೆಣ್ಣು ಮಗು ಹುಟ್ಟಿತು. ಹುಟ್ಟುವ ಹಿಂದಿನ ದಿನವೇ ಹೊಟ್ಟೆಯೊಳಗೆ ಅದರ ಎದೆಬಡಿತ ನಿಂತುಹೋಗಿತ್ತು. ಇದು ಅವಳ ಮೊದಲ ಹೆರಿಗೆ. ನೋವು ಬರಿಸಿ ಸಹಜ ಹೆರಿಗೆಯನ್ನೇ ಮಾಡಿಸಿದರು. ಮೂರು ದಿನ ಆಸ್ಪತ್ರೆಯಲ್ಲಿದ್ದು ಈಗ ತವರಿಗೆ ಬಂದಿದ್ದಾಳೆ. ಸೀಮಂತದ ದಿನ ತೊಡಿಸಿದ ಹಸಿರು ಬಳೆಗಳು ಇನ್ನೂ ಅವಳ ಕೈಯಲ್ಲಿವೆ.

ಅವಳು ಬರುವ ಮೊದಲೇ ಅಮ್ಮ, ತೊಳೆದು ಒಣಗಿಸಿ ಇಟ್ಟಿದ್ದ ತೊಟ್ಟಿಲನ್ನು ಮತ್ತೆ ಅಟ್ಟಕ್ಕೆ ಹಾಕಿಸಿದರು. ಹಳೆಯ ಹತ್ತಿ ಸೀರೆಗಳನ್ನು ಹರಿದು ಹೊಲಿದಿದ್ದ ಕುಲಾವಿ, ದುಪ್ಪಟಿಗಳನ್ನೆಲ್ಲ ಗಂಟು ಕಟ್ಟಿ ಯಾರಿಗೋ ಕೊಟ್ಟುಬಿಟ್ಟರು. ಮಗುವಿನ ಮಾತನ್ನು ಮನೆಯಲ್ಲಿ ಯಾರೂ ಎತ್ತಬಾರದು, ಎತ್ತಿದರೆ ಅವಳ ದುಃಖ ಹೆಚ್ಚುತ್ತದೆ ಎಂಬುದು ಅವರ ಆಣತಿ. ಅಮ್ಮನ ಮನಸ್ಸು ಕೆಟ್ಟದ್ದಲ್ಲವೆಂದು ನನಗೆ ಗೊತ್ತು. ಆದರೆ ಬಾಣಂತನದ ಮಾತು ಬಂದಾಗ ಅವರು, "ಕೂಸೇ ಇಲ್ಲದ ಮೇಲೆ ಬಾಣಂತನ ಯಾರಿಗೆ?" ಎಂದುಬಿಟ್ಟರು. ಹೀಗಾಗಿ ಎಣ್ಣೆ ನೀರಿಲ್ಲ, ಪಥ್ಯದ ಅಡುಗೆಯಿಲ್ಲ. ತಂಗಿ ಜ್ವರ ಬಂದವರ ಹಾಗೆ ಕೋಣೆಯ ಮೂಲೆಯಲ್ಲಿ ಗೋಡೆಯ ಕಡೆಗೆ ತಿರುಗಿ ಮಲಗಿರುತ್ತಾಳೆ. ಎದೆಹಾಲು ಮಾತ್ರ ತನ್ನ ಪಾಡಿಗೆ ತಾನು ಬರುತ್ತಿದೆ. ಅಮ್ಮ ಬಟ್ಟೆ ಸುತ್ತಿ ಬಿಗಿದು ಕಟ್ಟಿದ್ದಾರೆ, ಅವಳಿಗೆ ನೋವು.

ಹೆರಿಗೆಯ ಕೋಣೆಯಲ್ಲಿ ಮಗುವನ್ನು ಅವಳಿಗೆ ತೋರಿಸಲಿಲ್ಲ. ಅವಳ ಗಂಡ ನೋಡಿದ್ದಾನೆ, ತನ್ನ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿದ್ದಾನೆ, ಒಬ್ಬ ನರ್ಸ್ ಕಾಗದದ ಮೇಲೆ ಒತ್ತಿಕೊಟ್ಟ ಪಾದದ ಗುರುತು ಕೂಡ ಅವನ ಬಳಿ ಇದೆ. ಈ ಎರಡೂ ಇರುವುದು ತಂಗಿಗೆ ಗೊತ್ತಿಲ್ಲ. ಮೊನ್ನೆ ರಾತ್ರಿ ಅವಳು ಇದ್ದಕ್ಕಿದ್ದಂತೆ, "ಕೂದಲು ಇತ್ತಾ?" ಎಂದು ಕೇಳಿದಳು. ನಾವು ಯಾರೂ ಉತ್ತರ ಕೊಡಲಿಲ್ಲ. ಅಮ್ಮ ಎದ್ದು ಅಡುಗೆಮನೆಗೆ ಹೋದರು.

ಅವಳಿಗೆ ಬಾಣಂತನ ಮಾಡಬೇಕೇ? ಫೋಟೋ ತೋರಿಸಬಹುದೇ? ಅವಳು ಬೆಂಗಳೂರಿನ ಒಂದು ಖಾಸಗಿ ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ, ಅಲ್ಲಿಂದ ಆರು ವಾರಗಳ ರಜೆಯಷ್ಟೇ ಎಂದು ಪತ್ರ ಬಂದಿದೆ, ಅದು ಸರಿಯೇ? ಇಂಥ ದಾರಿಯಲ್ಲಿ ನಡೆದು ಬಂದವರು ಬರೆದರೆ ಉಪಕಾರವಾಗುತ್ತದೆ.


ಉತ್ತರ: ಧಾರವಾಡದ ಓದುಗಿ

ನಿಮ್ಮ ಮೊದಲ ಪ್ರಶ್ನೆಗೆ ನನ್ನಲ್ಲಿರುವುದು ಒಂದೇ ಮಾತು: ನಿಮ್ಮ ತಂಗಿ ಬಾಣಂತಿ. ಮಗು ತೊಟ್ಟಿಲಲ್ಲಿದೆಯೋ ಮಣ್ಣಿನಲ್ಲಿದೆಯೋ ಎಂಬುದು ಅವಳ ಗರ್ಭಕೋಶಕ್ಕೆ ಗೊತ್ತಿಲ್ಲ, ಬೆನ್ನಿಗೆ ಗೊತ್ತಿಲ್ಲ, ಎದೆಗಂತೂ ಗೊತ್ತೇ ಇಲ್ಲ. ಒಂಬತ್ತು ತಿಂಗಳ ಹತ್ತಿರ ಹೊತ್ತು, ನೋವು ತಿಂದು, ಹೆತ್ತಿದ್ದಾಳೆ. ಉಳಿದವರು ಕೊನೆಗೆ ಮಗುವನ್ನು ಎತ್ತಿಕೊಂಡು ಮರೆಯುವ ನೋವನ್ನು ಅವಳು ಮರೆಯಲು ಏನೂ ಇಲ್ಲದೆ ಅನುಭವಿಸಿದ್ದಾಳೆ. ಬಾಣಂತನ ಬೇಕಾದದ್ದು ಅವಳಿಗೇ ಹೆಚ್ಚು.

ನನ್ನ ಮಗ 2014ರಲ್ಲಿ ಹುಟ್ಟಿ, ಎರಡು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದು, ಹೋದ. ಆಗ ನಮ್ಮ ಮನೆಯಲ್ಲೂ ನಿಮ್ಮಲ್ಲಿ ಆದಂತೆಯೇ ಆಯಿತು. ಅಂಟಿನ ಉಂಡೆಗೆಂದು ತಂದಿದ್ದ ಅಂಟು, ಉತ್ತತ್ತಿ, ಒಣಕೊಬ್ಬರಿ ಡಬ್ಬಿಯಲ್ಲೇ ಉಳಿದವು. ಆರನೆಯ ದಿನ ಪಕ್ಕದ ಮನೆಯ ಮುದುಕಿಯೊಬ್ಬರು ಯಾರನ್ನೂ ಕೇಳದೆ ಒಳಗೆ ಬಂದು, ನೀರೊಲೆಗೆ ಬೆಂಕಿ ಹಾಕಿ, ನನ್ನನ್ನು ಮಣೆಯ ಮೇಲೆ ಕೂರಿಸಿ, ಕೊಬ್ಬರಿ ಎಣ್ಣೆ ತಿಕ್ಕಿ ಸುಡುಸುಡು ನೀರು ಹೊಯ್ದರು. ಅವರು ಸಮಾಧಾನದ ಒಂದು ಮಾತನ್ನೂ ಆಡಲಿಲ್ಲ. ನನ್ನ ಹೊಟ್ಟೆಗೆ ಬಟ್ಟೆ ಸುತ್ತುತ್ತ, "ಎಷ್ಟು ತೂಕ ಇತ್ತು?" ಎಂದಷ್ಟೇ ಕೇಳಿದರು. ನಾನು ತಾಯಿಯಾಗಿದ್ದೆನೆಂಬುದನ್ನು ಒಪ್ಪಿದ ಮೊದಲ ಮನುಷ್ಯರು ಅವರು. ನಂತರ ನಾನು ಆಪ್ತಸಮಾಲೋಚಕರನ್ನೂ ಕಂಡೆ, ಅದರಿಂದ ಉಪಯೋಗವೂ ಆಯಿತು. ಆದರೆ ಮಾತನಾಡುವ ಶಕ್ತಿ ನನಗೆ ಮರಳಿದ್ದು ಆ ಬಚ್ಚಲಮನೆಯಲ್ಲಿ.

ಬರುವವರ ಬಾಯಿಗೆ ನೀವೇ ಕಾವಲು ನಿಲ್ಲಬೇಕಾಗುತ್ತದೆ. "ಇನ್ನೂ ವಯಸ್ಸಿದೆ, ಮುಂದಿನ ವರ್ಷ ಇನ್ನೊಂದು ಆಗುತ್ತದೆ" ಎನ್ನುವವರು ಹೆಚ್ಚು. "ಋಣ ಅಷ್ಟೇ ಇತ್ತು" ಎನ್ನುವವರು ಇನ್ನೂ ಹೆಚ್ಚು. ಈ ಋಣದ ಮಾತು ವಿಚಿತ್ರವಾದದ್ದು. ಎರಡು ವರ್ಷಗಳ ಬಳಿಕ ನಾನೇ ಅದನ್ನು ನನಗೆ ಹೇಳಿಕೊಂಡಾಗ ಎದೆ ಹಗುರವಾಯಿತು, ಆದರೆ ಎರಡನೆಯ ವಾರದಲ್ಲಿ ಬೇರೆಯವರು ಅದನ್ನು ಹೇಳಿದಾಗ ಕಪಾಳಕ್ಕೆ ಹೊಡೆದಂತಾಗಿತ್ತು. ಇದಕ್ಕಿಂತ ಕೆಟ್ಟದ್ದು ಮುಂದಿದೆ. ಬಂಧುಗಳ ಮನೆಯ ಸೀಮಂತಕ್ಕೆ, ತೊಟ್ಟಿಲು ಶಾಸ್ತ್ರಕ್ಕೆ ಅವಳನ್ನು ಕರೆಯದೇ ಇರುವುದು, ಕರೆದರೂ ಆರತಿಯ ತಟ್ಟೆ ಅವಳ ಕೈಗೆ ಬಾರದಂತೆ ನೋಡಿಕೊಳ್ಳುವುದು. ಹೋಗುವುದು ಬಿಡುವುದು ಅವಳ ಆಯ್ಕೆಯಾಗಿರಲಿ, ಕರೆಯಂತೂ ಬರಲಿ ಎಂದು ನಿಮ್ಮ ನೆಂಟರಿಗೆ ನೀವೇ ಮೊದಲು ಹೇಳಿಡಿ.

ಫೋಟೋದ ವಿಷಯವನ್ನು ಅವಳ ಪರವಾಗಿ ನೀವು ನಿರ್ಧರಿಸಬೇಡಿ, ನಿಮ್ಮ ಅಮ್ಮನೂ ನಿರ್ಧರಿಸುವುದು ಬೇಡ. ಕೂದಲು ಇತ್ತೇ ಎಂದು ಕೇಳಿದವಳು ಮರೆಯಲು ಹೊರಟವಳಲ್ಲ. "ಒಂದು ಫೋಟೋ ಇದೆ, ಪಾದದ ಗುರುತಿದೆ, ನಿನಗೆ ಯಾವಾಗ ಬೇಕೋ ಆಗ" ಎಂದು ಅವಳ ಗಂಡನೇ ಹೇಳಲಿ. ನೋಡುವ ಮೊದಲು ಮಗು ಹೇಗೆ ಕಾಣುತ್ತದೆಂದು ಮಾತಿನಲ್ಲಿ ವಿವರಿಸುವುದು ಒಳ್ಳೆಯದು. ಹೊಟ್ಟೆಯಲ್ಲೇ ತೀರಿಹೋದ ಮಗುವಿನ ತುಟಿ, ಚರ್ಮದ ಬಣ್ಣ ಬದಲಾಗಿರುವುದುಂಟು. ಫೋಟೋವನ್ನು ಮೊಬೈಲಿನಲ್ಲಷ್ಟೇ ಇಟ್ಟುಕೊಳ್ಳಬೇಡಿ, ಇವತ್ತೇ ಒಂದು ಪ್ರತಿ ತೆಗೆಸಿ. ನನ್ನ ಮಗನದ್ದು ಒಂದೇ ಒಂದು ಚಿತ್ರವಿತ್ತು, ಕೆಟ್ಟುಹೋದ ಮೊಬೈಲಿನೊಂದಿಗೆ ಅದೂ ಹೋಯಿತು.

ಶಾಸ್ತ್ರದ ಭಯ ಇದ್ದರೆ ಇದನ್ನೂ ಹೇಳಿ. ಇಂಥ ಮಕ್ಕಳಿಗೆ ಶ್ರಾದ್ಧವಿಲ್ಲ, ದಹನವಿಲ್ಲ, ಆದ್ದರಿಂದ ಏನೂ ಮಾಡಕೂಡದು ಎಂದು ನಮ್ಮ ಮನೆಯವರು ತಿಳಿದಿದ್ದರು. ಆದರೆ ಎರಡು ವರ್ಷ ತುಂಬದ ಮಗು ಸತ್ತರೆ ಬಂಧುಗಳು ಅದನ್ನು ಅಲಂಕರಿಸಿ ಶುಚಿಯಾದ ನೆಲದಲ್ಲಿ ಇಡಬೇಕೆಂದು ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿದೆ. ಆ ಗ್ರಂಥದೊಂದಿಗೆ ನನಗೆ ಬೇರೆ ನೂರು ಜಗಳಗಳಿವೆ; ಆದರೂ ಅಲಂಕರಿಸಿ ಎಂಬ ಆ ಒಂದು ಪದವನ್ನು ಓದಿದ ದಿನ ನಾನು ತುಂಬಾ ಅತ್ತೆ. ನನ್ನ ಮಗನನ್ನು ಆಸ್ಪತ್ರೆಯ ಹಸಿರು ಬಟ್ಟೆಯಲ್ಲಿ ಸುತ್ತಿ ಒಯ್ದಿದ್ದರು.


ಉತ್ತರ: ನಿವೃತ್ತ ಶುಶ್ರೂಷಕಿ

ಮೂವತ್ತೊಂದು ವರ್ಷ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದವಳಾಗಿ ಶರೀರದ ವಿಷಯವನ್ನು ಮೊದಲು ಬರೆಯುತ್ತೇನೆ, ಏಕೆಂದರೆ ಇದು ಕಾಯುವಂಥದ್ದಲ್ಲ.

ಎದೆಗೆ ಬಿಗಿದ ಬಟ್ಟೆಯನ್ನು ಬಿಚ್ಚಿಸಿ. ಹಿಂದೆ ನಾವೂ ಹಾಗೆ ಕಟ್ಟುತ್ತಿದ್ದೆವು, ಆದರೆ ಬಿಗಿದು ಕಟ್ಟಿದರೆ ನೋವು ಹೆಚ್ಚುತ್ತದೆ, ಹಾಲಿನ ನಾಳಗಳು ಕಟ್ಟಿಕೊಂಡು ಬಾವು ಬರುವ ಅಪಾಯವೂ ಇದೆ. ಆಧಾರ ಕೊಡುವ, ಆದರೆ ಒತ್ತದ ಒಳಉಡುಪು ಸಾಕು. ತಣ್ಣೀರಿನ ಬಟ್ಟೆ ಅಥವಾ ತಣ್ಣಗೆ ಮಾಡಿದ ಕೋಸಿನ ಎಲೆ ಇಡಬಹುದು. ತೀರಾ ಬಿಗಿತವಾದಾಗ ನೋವು ಇಳಿಯುವಷ್ಟು ಮಾತ್ರ ಹಿಂಡಿ ತೆಗೆಯಲಿ. ಪೂರ್ತಿ ಖಾಲಿ ಮಾಡಿದರೆ ಶರೀರ ಮತ್ತಷ್ಟು ಹಾಲು ಮಾಡುತ್ತದೆ. ಹಳ್ಳಿಗಳಲ್ಲಿ ಎದೆಗೆ ಮಲ್ಲಿಗೆ ಹೂವು ಕಟ್ಟುವುದನ್ನು ನೀವು ಕೇಳಿರಬಹುದು. ಅದನ್ನು ನಗುವ ಹಾಗಿಲ್ಲ. ವೆಲ್ಲೂರಿನ ವೈದ್ಯರು 1988ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಮಲ್ಲಿಗೆ ಹೂವನ್ನು ಹಾಲು ನಿಲ್ಲಿಸುವ ಮಾತ್ರೆಯೊಂದಿಗೆ ಹೋಲಿಸಿ, ಹೂವಿನಿಂದಲೂ ಹಾಲು ಕಡಿಮೆಯಾಗುವುದನ್ನು ಕಂಡಿದ್ದರು. ಮಾತ್ರೆಗಳೂ ಇವೆ, ಆದರೆ ರಕ್ತದೊತ್ತಡ ಏರಿದ್ದವರಿಗೆ ಅವು ಅಪಾಯಕಾರಿ, ಆದ್ದರಿಂದ ವೈದ್ಯರನ್ನು ಕೇಳದೆ ಅಂಗಡಿಯಿಂದ ತರಬೇಡಿ. ಎದೆಯ ಒಂದು ಭಾಗ ಕೆಂಪಾಗಿ ಬಿಸಿಯಾದರೆ, ಚಳಿ ಜ್ವರ ಬಂದರೆ, ಸ್ರಾವಕ್ಕೆ ದುರ್ವಾಸನೆ ಬಂದರೆ ಅಥವಾ ರಕ್ತಸ್ರಾವ ಮತ್ತೆ ಜೋರಾದರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬಾಣಂತನ ಖಂಡಿತ ಮಾಡಿ. ಹಾಲು ಹೆಚ್ಚಲೆಂದು ಕೊಡುವ ಸಬ್ಬಸಿಗೆ, ಮೆಂತ್ಯ, ಬೆಳ್ಳುಳ್ಳಿಯನ್ನು ಮಾತ್ರ ಸದ್ಯಕ್ಕೆ ಹಿಂದಿಡಿ. ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿ ನಿಮ್ಮಲ್ಲಿದ್ದರೆ ಅದನ್ನು ಪೂರ್ತಿ ಬಿಡಿ.

ಕೆಲವು ತಾಯಂದಿರು ಆ ಹಾಲನ್ನು ದಾನ ಮಾಡಲು ಬಯಸುತ್ತಾರೆ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ ತಾಯಿ ಹಾಲಿನ ಬ್ಯಾಂಕ್ ಇದೆ. ಇದು ಅವಳಾಗಿಯೇ ಕೇಳಿದರೆ ಮಾತ್ರ ಹೇಳಬೇಕಾದ ವಿಷಯ. ಪುಣ್ಯದ ಕೆಲಸ ಎಂದು ಅವಳ ಮೇಲೆ ಹೇರಬೇಡಿ.

ಅವಳ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಹೆರಿಗೆಯಾದ 72 ಗಂಟೆಗಳೊಳಗೆ ಮುಂದಿನ ಬಸಿರನ್ನು ಕಾಪಾಡುವ ಆಂಟಿ-ಡಿ ಚುಚ್ಚುಮದ್ದು ಕೊಡುವುದು ರೂಢಿ, ಅದು ಆಗಿದೆಯೇ ಎಂದು ಡಿಸ್ಚಾರ್ಜ್ ಕಾಗದದಲ್ಲಿ ನೋಡಿ. ಮಾಸು ಪರೀಕ್ಷೆಗೆ ಹೋಗಿದ್ದರೆ ಅದರ ವರದಿಯನ್ನು ಕೇಳಿ ಪಡೆಯಿರಿ. ಆರು ವಾರಗಳ ಭೇಟಿಯನ್ನು ತಪ್ಪಿಸಬೇಡಿ. ಸಕ್ಕರೆ, ಥೈರಾಯ್ಡ್, ರಕ್ತ ಹೆಪ್ಪುಗಟ್ಟುವ ತೊಂದರೆಗೆ ಸಂಬಂಧಿಸಿದ ಪರೀಕ್ಷೆಗಳ ಬಗ್ಗೆ ಅಲ್ಲಿಯೇ ಮಾತನಾಡಬೇಕು. ಈ ಕೊನೆಯದರಲ್ಲಿ ಫಾಸ್ಫೋಲಿಪಿಡ್ ಪ್ರತಿಕಾಯಗಳು (ರಕ್ತ ಹೆಪ್ಪುಗಟ್ಟುವಂತೆ ಮಾಡುವ ಅಂಶಗಳು) ಕಂಡರೆ 12 ವಾರಗಳ ಬಳಿಕ ಮತ್ತೊಮ್ಮೆ ಪರೀಕ್ಷಿಸಿಯೇ ಖಚಿತಪಡಿಸುತ್ತಾರೆ. ಆ ಭೇಟಿಗೆ ಹೋಗುವಾಗ ಬಸುರಿಯರ ಸಾಲಿನಲ್ಲಿ ಕೂರಿಸದಂತೆ ಮೊದಲೇ ಫೋನು ಮಾಡಿ ಕೇಳಿಕೊಳ್ಳಿ. ನಮ್ಮ ವಾರ್ಡಿನಲ್ಲಿ ಇಂಥ ತಾಯಂದಿರನ್ನು ಹಸುಗೂಸುಗಳ ಅಳುವಿನ ನಡುವೆಯೇ ಮಲಗಿಸುತ್ತಿದ್ದೆವು, ಬೇರೆ ಹಾಸಿಗೆ ಇರುತ್ತಿರಲಿಲ್ಲ. ಅದು ನನಗೆ ಈಗಲೂ ಚುಚ್ಚುತ್ತದೆ.

ಅವಳು ಕಾರಣ ಹುಡುಕುತ್ತಿರುತ್ತಾಳೆ, ಬಾಯಿಬಿಟ್ಟು ಹೇಳದಿದ್ದರೂ. ಗ್ರಹಣದ ದಿನ ಹೊರಗೆ ಹೋದೆನೇ, ಬಿಂದಿಗೆ ಎತ್ತಿದೆನೇ, ಬಸ್ಸಿನಲ್ಲಿ ಪ್ರಯಾಣ ಮಾಡಿದೆನೇ ಎಂದು. ಇವು ಯಾವುವೂ ಕಾರಣಗಳಲ್ಲ. ಮಾಸಿನ ತೊಂದರೆ, ಬಿ.ಪಿ., ಸಕ್ಕರೆ ಕಾಯಿಲೆ, ಸೋಂಕು, ಹೊಕ್ಕುಳಬಳ್ಳಿ, ಮಗುವಿನಲ್ಲೇ ಇದ್ದ ದೋಷ, ಹೀಗೆ ಕಾರಣಗಳಿರುತ್ತವೆ. ಎಲ್ಲ ಪರೀಕ್ಷೆ ಮಾಡಿದ ಮೇಲೂ ಕಾರಣ ತಿಳಿಯದೇ ಉಳಿಯುವುದೂ ಇದೆ. 2021ರ ಅಂದಾಜಿನಂತೆ 28 ವಾರ ದಾಟಿದ ಮೇಲೆ ಜೀವವಿಲ್ಲದೆ ಹುಟ್ಟಿದ ಮಕ್ಕಳು ಜಗತ್ತಿನಲ್ಲಿ ಸುಮಾರು 19 ಲಕ್ಷ. ಇಷ್ಟು ಮಂದಿ ತಾಯಂದಿರು ಬಿಂದಿಗೆ ಎತ್ತಿ ತಪ್ಪು ಮಾಡಿದವರಲ್ಲ.

ಅಳು, ನಿದ್ದೆಗೇಡು, ಕೋಪ, ಇಲ್ಲದ ಮಗುವಿನ ಅಳು ಕೇಳಿಸಿದಂತಾಗುವುದು, ಇವೆಲ್ಲ ಶೋಕದಲ್ಲಿ ಬರುವವೇ. ಆದರೆ ವಾರಗಳು ಕಳೆದರೂ ಊಟ ನಿದ್ದೆ ಸರಿಹೋಗದಿದ್ದರೆ, ತಾನೂ ಮಗುವಿನ ಹಿಂದೆಯೇ ಹೋಗುತ್ತೇನೆಂಬ ಮಾತು ಬಂದರೆ, ಅಥವಾ ಮಾತು ನಡತೆಗಳು ತಾಳತಪ್ಪಿದರೆ ತಡಮಾಡಬೇಡಿ, ಅವಳನ್ನು ಒಂಟಿಯಾಗಿ ಬಿಡಬೇಡಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಸುರಿ ಬಾಣಂತಿಯರ ಮಾನಸಿಕ ಆರೋಗ್ಯಕ್ಕೆಂದೇ ಪರಿಣತ ವೈದ್ಯರಿದ್ದಾರೆ.

ಮರೆತಿದ್ದೆ, ತಾಯಿ ಕಾರ್ಡ್ ಮಾಡಿಸಿದ್ದರೆ ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಗೆ ವಿಷಯ ತಿಳಿಸಿ. ಇಲ್ಲವಾದರೆ ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತು "ಪಾಪುಗೆ ಲಸಿಕೆ ಹಾಕಿಸಿದಿರಾ" ಎಂದು ಕೇಳಿಬಿಡುತ್ತಾರೆ. ಅವರದು ತಪ್ಪಲ್ಲ, ಅವರ ಪಟ್ಟಿಯಲ್ಲಿ ಹೆಸರಿರುತ್ತದೆ.


ಉತ್ತರ: ಕರಾವಳಿಯ ಅಪ್ಪ

ರಜೆಯ ಪ್ರಶ್ನೆಗೆ ನಾನು ಉತ್ತರಿಸಬಲ್ಲೆ, ಏಕೆಂದರೆ ನನ್ನ ಹೆಂಡತಿಯ ಕಚೇರಿಯಿಂದಲೂ ಇದೇ ಪತ್ರ ಬಂದಿತ್ತು. ಆರು ವಾರಗಳ ರಜೆ ಇರುವುದು ಗರ್ಭಪಾತಕ್ಕೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯ (2025ರ ನವೆಂಬರಿನಿಂದ ಇದು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿದೆ) ವ್ಯಾಖ್ಯೆಯಂತೆ ಗರ್ಭಪಾತವೆಂದರೆ 26ನೇ ವಾರದೊಳಗೆ ಆಗುವಂಥದ್ದು. ಅದೇ ಕಾಯ್ದೆ "ಮಗು" ಎಂಬ ಪದದಲ್ಲಿ ಸತ್ತು ಹುಟ್ಟಿದ ಮಗುವನ್ನೂ ಸೇರಿಸಿದೆ. ಎಂದರೆ 36ನೇ ವಾರದಲ್ಲಿ ಆದದ್ದು ಕಾನೂನಿನ ಕಣ್ಣಿನಲ್ಲಿ ಹೆರಿಗೆಯೇ, ಮತ್ತು 2017ರ ತಿದ್ದುಪಡಿಯ ನಂತರ ಮೊದಲ ಹೆರಿಗೆಗೆ 26 ವಾರಗಳ ಸಂಬಳಸಹಿತ ರಜೆ ಅವಳ ಹಕ್ಕು. ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು ಎಂಬುದಷ್ಟೇ ಷರತ್ತು. ನಾವು ಈ ವ್ಯಾಖ್ಯೆಯನ್ನು ತೋರಿಸಿ ಪತ್ರ ಬರೆದ ಮೇಲೆ ಅವರು ತಿದ್ದಿಕೊಂಡರು. ಕೇಂದ್ರ ಸರ್ಕಾರದ ನೌಕರೆಯರಿಗೆ ಇಂಥ ಸಂದರ್ಭದಲ್ಲಿ 60 ದಿನಗಳ ವಿಶೇಷ ರಜೆ ಕೊಡುವ ಆದೇಶ 2022ರ ಸೆಪ್ಟೆಂಬರಿನಲ್ಲಿ ಬಂದಿದೆ, ಅದನ್ನು ಯಾರಾದರೂ ಉಲ್ಲೇಖಿಸಿದರೆ ಗೊಂದಲಕ್ಕೆ ಒಳಗಾಗಬೇಡಿ. ಖಾಸಗಿ ಕಂಪನಿಗೆ ಅದು ಅನ್ವಯಿಸುವುದಿಲ್ಲ. ಪತ್ರವನ್ನು ನಿಮ್ಮ ತಂಗಿಯ ಕೈಯಲ್ಲಿ ಬರೆಸಬೇಡಿ. ನೀವು ಬರೆದು ಅವಳ ಸಹಿ ಪಡೆಯಿರಿ.

ಇನ್ನೊಂದು ಕಾಗದವಿದೆ. ಸತ್ತು ಹುಟ್ಟಿದ ಮಗುವಿನ ಜನನವನ್ನೂ 1969ರ ಜನನ ಮರಣ ನೋಂದಣಿ ಕಾಯ್ದೆಯಡಿ 21 ದಿನಗಳೊಳಗೆ ನೋಂದಾಯಿಸಬೇಕು, ಆಸ್ಪತ್ರೆಯೇ ವರದಿ ಕಳುಹಿಸುತ್ತದೆ. ಅದಕ್ಕೆ ಬೇರೆಯದೇ ನಮೂನೆ. ತಂದೆ ತಾಯಿಯ ಹೆಸರು, ಮಗು ಗಂಡೋ ಹೆಣ್ಣೋ, ಎಷ್ಟು ವಾರ ಎಂಬೆಲ್ಲದಕ್ಕೂ ಅದರಲ್ಲಿ ಜಾಗವಿದೆ, ಮಗುವಿನ ಹೆಸರಿಗೆ ಮಾತ್ರ ಇಲ್ಲ. ನಾವು ಹೆಸರಿಟ್ಟಿದ್ದೆವು. ನಾನು ಆ ಕಾಗದವನ್ನು ಹಿಡಿದುಕೊಂಡು ಕೌಂಟರಿನ ಮುಂದೆ ಬಹಳ ಹೊತ್ತು ನಿಂತಿದ್ದೆ. ಹಿಂದಿನವರು ಗದರಿದರು.

ನೀವು ತಂಗಿಯ ಬಗ್ಗೆ ಬರೆದಿದ್ದೀರಿ, ಅವಳ ಗಂಡನ ಬಗ್ಗೆ ಎರಡು ಸಾಲು ಬರೆದಿದ್ದೀರಿ. ಆ ಮಗುವಿನ ಮುಖ ನೋಡಿದವನು ನಿಮ್ಮ ಮನೆಯಲ್ಲಿ ಅವನೊಬ್ಬನೇ. ಮಣ್ಣು ಮಾಡಲು ಹೋದವನೂ ಬಹುಶಃ ಅವನೇ. ನಾನು ನನ್ನ ಮಗಳನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಡಿಲಲ್ಲಿ ಇಟ್ಟುಕೊಂಡು ಮೂವತ್ತು ಕಿಲೋಮೀಟರ್ ಹೋದೆ. ದಾರಿಯಲ್ಲಿ ಸ್ಪೀಡ್ ಬ್ರೇಕರ್ ಬಂದಾಗಲೆಲ್ಲ ನಿಧಾನ ಮಾಡುವಂತೆ ಡ್ರೈವರಿಗೆ ಹೇಳುತ್ತಿದ್ದೆ, ಅಲುಗಾಡಬಾರದೆಂದು. ಮನೆಗೆ ಮರಳಿದ ಮೇಲೆ ಎಲ್ಲರೂ ಕೇಳಿದ್ದು "ಅವಳು ಹೇಗಿದ್ದಾಳೆ" ಎಂದೇ. ಕೇಳಬೇಕಾದದ್ದೇ ಅದು. ಆದರೂ ಅವನ ಪಕ್ಕದಲ್ಲಿ ಒಬ್ಬರು ಕುಳಿತು ಅವನು ಕಂಡದ್ದನ್ನು ಕೇಳಿಸಿಕೊಳ್ಳಲಿ.


ಉತ್ತರ: ಎಪ್ಪತ್ತೆಂಟರ ಅಜ್ಜಿ (ಮೊಮ್ಮಗನಿಂದ ಬರೆಸಿದ್ದು)

ಎಲ್ಲರೂ ಆ ತಾಯಿಯನ್ನು ಅಪರಾಧಿಯಂತೆ ನಿಲ್ಲಿಸುತ್ತಿದ್ದೀರೆಂದು ನನಗೆ ಅನ್ನಿಸುತ್ತದೆ. ತೊಟ್ಟಿಲನ್ನು ಅಟ್ಟಕ್ಕೆ ಹಾಕಿದವಳು ಅದನ್ನು ತೊಳೆದು ಇಳಿಸಿದ್ದವಳೂ ಹೌದು. ಹೋದದ್ದು ಅವಳ ಮೊಮ್ಮಗು, ಮೂಲೆಯಲ್ಲಿ ಮಲಗಿರುವುದು ಅವಳ ಮಗಳು. ಅವಳಿಗೆ ಎರಡು ದುಃಖ. ಕೂದಲಿನ ಪ್ರಶ್ನೆಗೆ ಅಡುಗೆಮನೆಗೆ ಎದ್ದು ಹೋದದ್ದು ಅಳಲಿಕ್ಕೆ ಎಂಬುದು ಇಷ್ಟು ಓದಿದ ನಿಮಗೆ ಹೊಳೆಯಲಿಲ್ಲವೇ?

ಸುಮ್ಮನಿರುವುದೇ ಹಿಂದಿನ ಕಾಲದ ಪದ್ಧತಿ ಎನ್ನುವುದನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ನನ್ನ ಅತ್ತೆಯನ್ನು ಎಷ್ಟು ಮಕ್ಕಳು ಎಂದು ಯಾರಾದರೂ ಕೇಳಿದರೆ "ಹುಟ್ಟಿದ್ದು ಎಂಟು, ಉಳಿದದ್ದು ಐದು" ಎನ್ನುತ್ತಿದ್ದರು. ನನ್ನ ತಾಯಿಯದು "ಏಳಕ್ಕೆ ನಾಲ್ಕು". ಹೋದವುಗಳನ್ನು ಲೆಕ್ಕದಿಂದ ಬಿಡುತ್ತಿರಲಿಲ್ಲ. ಹೆಸರು ಹೇಳಿ ಅಳುತ್ತಿರಲಿಲ್ಲ ನಿಜ, ಹೊಲದ ಕೆಲಸ ಕಾಯುತ್ತಿತ್ತು. ಆದರೆ ಲೆಕ್ಕದಲ್ಲಿ ಇಟ್ಟುಕೊಂಡಿರುತ್ತಿದ್ದರು. ನನ್ನದು ಮೂರಕ್ಕೆ ಎರಡು. ಮೊದಲನೆಯದು 1971ರ ಮಳೆಗಾಲದಲ್ಲಿ ಹೋಯಿತು. ಅದರ ಬಗ್ಗೆ ಮಾತನಾಡಲು ನನಗೆ ಇಷ್ಟವಿಲ್ಲ, ಇವತ್ತಿಗೂ ಇಲ್ಲ, ಮತ್ತು ನಾನು ಚೆನ್ನಾಗಿಯೇ ಇದ್ದೇನೆ. ಆ ಹುಡುಗಿಗೂ ಮಾತು ಬೇಡವೆನಿಸಿದರೆ ಬಲವಂತ ಮಾಡಬೇಡಿ. ಆದರೆ ಅವಳು ಕೇಳಿದ್ದಾಳಲ್ಲ. ಕೇಳಿದ್ದಕ್ಕೆ ಉತ್ತರ ಕೊಡಿ.

ಬಾಣಂತನವನ್ನು ನೀವು ಮಾಡಲು ಹೋಗಬೇಡಿ. ನಿಮ್ಮ ಅಮ್ಮನ ಕೈಯಲ್ಲೇ ಮಾಡಿಸಿ. ಆ ಕೈಗಳಿಗೂ ಏನಾದರೂ ಕೆಲಸ ಬೇಕು.


ಪ್ರಶ್ನೆ ಕೇಳಿದವರಿಂದ: ಹಾಸನದ ಅಕ್ಕ (ಒಂಬತ್ತು ದಿನಗಳ ಬಳಿಕ)

ಉತ್ತರಿಸಿದ ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಎದೆಯ ಬಟ್ಟೆಯನ್ನು ಅಂದೇ ಬಿಚ್ಚಿಸಿದೆವು. ರಜೆಯ ಪತ್ರ ಹೋಗಿದೆ, ಉತ್ತರ ಇನ್ನೂ ಬಂದಿಲ್ಲ. ಆಶಾ ಕಾರ್ಯಕರ್ತೆ ವಿಷಯ ತಿಳಿದು ಮನೆಗೆ ಬಂದು, ತಂಗಿಯ ಬಿ.ಪಿ. ನೋಡಿಸಬೇಕೆಂದು ಹೇಳಿ, ಕಬ್ಬಿಣಾಂಶದ ಮಾತ್ರೆಗಳನ್ನು ಕೊಟ್ಟು ಹೋದರು.

ಅಜ್ಜಿಯವರ ಮಾತನ್ನು ಅಮ್ಮನಿಗೆ ಓದಿ ಹೇಳಿದೆ. ಅವರು ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಐದಕ್ಕೆ ಹಂಡೆಯ ಕೆಳಗೆ ಬೆಂಕಿ ಉರಿಯುತ್ತಿತ್ತು. ಈಗ ದಿನ ಬಿಟ್ಟು ದಿನ ಎಣ್ಣೆ ನೀರು ನಡೆಯುತ್ತಿದೆ, ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಇಬ್ಬರೂ ಬಹಳ ಹೊತ್ತು ಒಳಗಿರುತ್ತಾರೆ, ನಾನು ಹತ್ತಿರ ಹೋಗುವುದಿಲ್ಲ. ಅಡುಗೆಯಲ್ಲಿ ಮಾತ್ರ ಅಮ್ಮ ಬೆಳ್ಳುಳ್ಳಿ ಹಾಕಿಯೇ ಹಾಕುತ್ತಾರೆ, ಅದರಲ್ಲಿ ನಾನು ಸೋತಿದ್ದೇನೆ.

ಫೋಟೋ ಇರುವ ವಿಷಯವನ್ನು ಕಳೆದ ಭಾನುವಾರ ಅವಳ ಗಂಡನೇ ಹೇಳಿದ. ಈಗ ಬೇಡ ಎಂದಳು. ಫೋಟೋದ ಪ್ರತಿಯನ್ನೂ ಪಾದದ ಗುರುತನ್ನೂ ಲಕೋಟೆಯಲ್ಲಿ ಹಾಕಿ ಬೀರುವಿನಲ್ಲಿಟ್ಟು ಕೀಲಿಯನ್ನು ಅವಳಿಗೇ ಕೊಟ್ಟಿದ್ದೇವೆ. ಆಮೇಲೆ ಅವಳು ಹಳೆಯ ಪ್ರಶ್ನೆಯನ್ನೇ ಮತ್ತೆ ಕೇಳಿದಳು. ಅವನು, "ಇತ್ತು, ತುಂಬಾ ಇತ್ತು, ಕಿವಿಯ ತನಕ ಇಳಿದಿತ್ತು, ಒದ್ದೆಯಾಗಿ ಅಂಟಿಕೊಂಡಿತ್ತು" ಎಂದ. ಅಮ್ಮ ಈ ಸಲ ಎದ್ದು ಹೋಗಲಿಲ್ಲ. "ಇವಳಿಗೂ ಹುಟ್ಟಿದಾಗ ಹಾಗೇ ಇತ್ತು" ಎಂದರು.